ಚಿತ್ರ ಕೆಟ್ಟಿದೆಯೇ? ಮೊದಲು ಮೆನು ಒತ್ತಿ ನೋಡಿ

ಈ ಸಲದ ಪತ್ರಗಳಲ್ಲಿ ಪ್ರೊಜೆಕ್ಟರಿನ ದೂರುಗಳೇ ಹೆಚ್ಚು. ಮಬ್ಬು, ಹಳದಿ, ಚುಕ್ಕೆ, ನಡುಕ. ಉತ್ತರಗಳಿಗೆ ಮೊದಲು ಎಲ್ಲರಿಗೂ ಹೊಂದುವ ಒಂದು ಪರೀಕ್ಷೆ ಹೇಳಿಬಿಡುತ್ತೇವೆ. ರಿಮೋಟಿನಲ್ಲಿ ‘ಮೆನು’ ಒತ್ತಿ. ಆ ಮೆನು ಲ್ಯಾಪ್‌ಟಾಪಿನಿಂದ ಬರುವುದಿಲ್ಲ, ಕೇಬಲ್ಲಿನಲ್ಲಿ ಹಾದೂ ಬರುವುದಿಲ್ಲ. ಪ್ರೊಜೆಕ್ಟರೇ ಒಳಗಡೆ ಬರೆದು ತೆರೆಯ ಮೇಲೆ ಇಡುತ್ತದೆ. ಮೆನು ಚೊಕ್ಕವಾಗಿದ್ದು ಚಿತ್ರ ಮಾತ್ರ ಕೆಟ್ಟಿದ್ದರೆ ದೋಷ ಕೇಬಲ್, ಲ್ಯಾಪ್‌ಟಾಪ್ ಅಥವಾ ಸೆಟ್‌ಟಾಪ್ ಬಾಕ್ಸಿನದು. ಮೆನುವೂ ಅಷ್ಟೇ ಕೆಟ್ಟಿದ್ದರೆ ಲ್ಯಾಂಪ್, ಪ್ಯಾನೆಲ್, ಲೆನ್ಸ್, ಇಲ್ಲವೇ ಎದುರಿನ ಗೋಡೆಯದು. ಮುಂದಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ, ಬೇಸರಿಸಬೇಡಿ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಸ್ಮಾರ್ಟ್ ಕ್ಲಾಸಿನ ತ್ರೀ-ಎಲ್‌ಸಿಡಿ ಪ್ರೊಜೆಕ್ಟರಿಗೆ ಆರು ವರ್ಷವಾಯಿತು. ಬೆಳಕು ಮಂಕಾಗಿದೆ. ಬಿಳಿ ಪುಟ ಹಾಕಿದರೆ ಬಲ ಮೂಲೆ ಹಳದಿಯಾಗಿ ಕಾಣುತ್ತದೆ, ನಡುವೆ ಅಲ್ಲಲ್ಲಿ ದುಂಡನೆಯ ಕಲೆಗಳಿವೆ. ಮೆನು ಹಾಕಿದರೂ ಹಾಗೆಯೇ. ಹೊಸ ಲ್ಯಾಂಪ್ ಹಾಕಿಸಿದರೆ ಸರಿಹೋಗುತ್ತದೆಯೇ?
— ಶಿಕ್ಷಕರು, ರಾಣೆಬೆನ್ನೂರು ತಾಲ್ಲೂಕು

ಉತ್ತರ: ದುಡ್ಡು ಕಟ್ಟುವ ಮುಂಚೆ ತಡೆಯಿರಿ ಮೇಷ್ಟ್ರೇ. ನೀವು ಬರೆದಿರುವುದು ಒಂದು ಕಾಯಿಲೆಯಲ್ಲ, ಮೂರು. ಲ್ಯಾಂಪಿನಿಂದ ವಾಸಿಯಾಗುವುದು ಅವುಗಳಲ್ಲಿ ಒಂದು ಮಾತ್ರ.

ಮೊದಲನೆಯದು ಮಂಕು. ಮೆನುವಿನ ‘ಇನ್ಫೋ’ ಭಾಗದಲ್ಲಿ ಲ್ಯಾಂಪ್ ಎಷ್ಟು ಗಂಟೆ ಉರಿದಿದೆ ಎಂದು ಇರುತ್ತದೆ. ಪಾದರಸದ ಲ್ಯಾಂಪಿಗೆ ಕಂಪನಿ ಹೇಳುವ ಆಯುಸ್ಸು ಸಾಮಾನ್ಯವಾಗಿ 3,000ದಿಂದ 5,000 ಗಂಟೆ. ಕಡಿಮೆ ಶಕ್ತಿಯಲ್ಲಿ ಉರಿಸುವ ಇಕೋ ಮೋಡಿನಲ್ಲಿ ಇನ್ನೂ ಹೆಚ್ಚು. ಆಯುಸ್ಸು ಮುಗಿಯಿತೆಂದರೆ ಲ್ಯಾಂಪ್ ಆರಿಹೋಯಿತು ಎಂದಲ್ಲ, ಹೊಸತರಲ್ಲಿದ್ದ ಬೆಳಕು ಅರ್ಧಕ್ಕೆ ಇಳಿಯಿತು ಎಂದು. ಈ ಇಳಿತ ನಿಧಾನವಾದ್ದರಿಂದ ದಿನವೂ ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಎರಡನೆಯದು ದುಂಡನೆಯ ಕಲೆ. ನಿಮ್ಮ ಯಂತ್ರದಲ್ಲಿ ಲ್ಯಾಂಪಿನ ಬಿಳಿ ಬೆಳಕನ್ನು ಕನ್ನಡಿಗಳು ಕೆಂಪು, ಹಸಿರು, ನೀಲಿಯಾಗಿ ಒಡೆಯುತ್ತವೆ. ಒಂದೊಂದು ಬಣ್ಣವೂ ಹೆಬ್ಬೆರಳ ಉಗುರಿನಷ್ಟಿರುವ ತನ್ನದೇ ಎಲ್‌ಸಿಡಿ ಪ್ಯಾನೆಲ್ ದಾಟಿ, ಕೊನೆಗೆ ಪಟ್ಟಕದಲ್ಲಿ ಮೂರೂ ಕೂಡುತ್ತವೆ. ಆ ಪ್ಯಾನೆಲ್ಲಿನ ಮೇಲೆ ಕೂತ ಒಂದು ಕಣ ಧೂಳು ಗೋಡೆಯ ಮೇಲೆ ರೊಟ್ಟಿಯಷ್ಟಾಗುತ್ತದೆ. ಯಾವ ಪ್ಯಾನೆಲ್ ಎಂದು ತಿಳಿಯಲು ಪವರ್‌ಪಾಯಿಂಟಿನಲ್ಲಿ ಪೂರ್ತಿ ಕೆಂಪು, ಪೂರ್ತಿ ಹಸಿರು, ಪೂರ್ತಿ ನೀಲಿ, ಪೂರ್ತಿ ಕಪ್ಪು ಎಂದು ನಾಲ್ಕು ಸ್ಲೈಡ್ ಮಾಡಿ ಒಂದೊಂದಾಗಿ ತೋರಿಸಿ. ನೀಲಿ ಸ್ಲೈಡಿನಲ್ಲಿ ಮಾತ್ರ ಕಲೆ ಕಂಡರೆ ನೀಲಿ ಪ್ಯಾನೆಲ್ಲಿನಲ್ಲಿ ಧೂಳಿದೆ. ಅದೇ ಧೂಳು ಕಪ್ಪು ಸ್ಲೈಡಿನಲ್ಲಿ ನೀಲಿ ಮಚ್ಚೆಯಾಗಿ ಹೊಳೆಯುತ್ತದೆ. ಫೋಕಸ್ ರಿಂಗನ್ನು ಸ್ವಲ್ಪ ತಿರುಗಿಸಿದಾಗ ಕಲೆ ಚೂಪಾಗುತ್ತ, ಹರಡುತ್ತ ಹೋದರೆ ಧೂಳು ಪ್ಯಾನೆಲ್ಲಿನ ಬಳಿಯೇ ಇದೆ ಎಂಬುದು ಖಾತ್ರಿ. ಪ್ರೊಜೆಕ್ಟರನ್ನು ಅರ್ಧ ಅಡಿ ಆಚೆ ತಿರುಗಿಸಿದಾಗ ಕಲೆ ಇದ್ದಲ್ಲೇ ಉಳಿದರೆ ಅದು ಗೋಡೆಯ ಕಲೆ, ನಕ್ಕು ಸುಮ್ಮನಾಗಿ. ಲೆನ್ಸಿನ ಮುಂಭಾಗದ ಗಾಜಿನ ಧೂಳು ಹೀಗೆ ಕಲೆಯಾಗಿ ಕಾಣುವುದೇ ಇಲ್ಲ. ಅದು ಇಡೀ ಚಿತ್ರವನ್ನು ತೆಳುವಾಗಿ ಮಬ್ಬಾಗಿಸುತ್ತದೆ ಅಷ್ಟೆ. ಆದ್ದರಿಂದ ಕಲೆ ಹೋಗಲೆಂದು ಲೆನ್ಸ್ ಉಜ್ಜಬೇಡಿ.

ಮೂರನೆಯದೇ ಕಷ್ಟದ್ದು. ಹಳದಿ ಮೂಲೆ ಎಂದರೆ ಅಲ್ಲಿ ನೀಲಿ ಬೆಳಕು ಕಡಿಮೆಯಾಗಿದೆ ಎಂದು ಅರ್ಥ. ಪ್ಯಾನೆಲ್ಲಿನ ಹಿಂದೆ ಮುಂದೆ ಪೋಲರೈಸರ್ ಎಂಬ ಹಾಳೆಗಳಿರುತ್ತವೆ. ಮೂರರಲ್ಲಿ ನೀಲಿ ಬೆಳಕಿಗೆ ಶಕ್ತಿ ಹೆಚ್ಚು, ಹೀಗಾಗಿ ನೀಲಿ ದಾರಿಯ ಹಾಳೆ ಮೊದಲು ಸುಟ್ಟುಕೊಳ್ಳುತ್ತದೆ. ಫಿಲ್ಟರ್ ಕಟ್ಟಿಕೊಂಡು ಗಾಳಿ ಆಡದಿದ್ದರೆ ಇದು ಇನ್ನೂ ಬೇಗ. ನೀಲಿ ಸ್ಲೈಡಿನಲ್ಲಿ ಅದೇ ಬಲ ಮೂಲೆ ಕಪ್ಪಿಟ್ಟರೆ ಹಾಳೆ ಹೋಗಿದೆ. ಈ ಸ್ಥಿತಿಯಲ್ಲಿ ಹೊಸ ಲ್ಯಾಂಪ್ ಹಾಕಿದರೆ ಹಳದಿ ಮೂಲೆ ಇನ್ನಷ್ಟು ಹೊಳಪಿನ ಹಳದಿಯಾಗುತ್ತದೆ! ಸರ್ವಿಸ್ ಸೆಂಟರಿನಲ್ಲಿ ಹಾಳೆ ಬದಲಿಸಲು ಬರುತ್ತದೆ. ಆದರೆ ಹಾಳೆ, ಧೂಳು ತೆಗೆಸುವುದು, ಲ್ಯಾಂಪ್ ಮೂರೂ ಸೇರಿ ಹೊಸ ಯಂತ್ರದ ಅರ್ಧ ಬೆಲೆ ದಾಟಿದರೆ ಆರು ವರ್ಷದ ಯಂತ್ರಕ್ಕೆ ಅಷ್ಟು ಸುರಿಯುವುದು ಬೇಡ ಎಂಬುದು ನಮ್ಮ ಅಭಿಪ್ರಾಯ.

ಲ್ಯಾಂಪ್ ಬದಲಿಸುವುದೇ ಆದರೆ ಕ್ರಮ ಹೀಗೆ. ಪ್ಲಗ್ ಕಿತ್ತು ಒಂದು ಗಂಟೆ ಆರಲು ಬಿಡಿ. ಮುಚ್ಚಳದ ಸ್ಕ್ರೂ ಸಡಿಲಿಸಿ. ಲ್ಯಾಂಪಿನ ಚೌಕಟ್ಟಿನ ಎರಡು ಮೂರು ಸ್ಕ್ರೂಗಳೂ ಸಡಿಲವಾಗುತ್ತವೆಯೇ ಹೊರತು ಕಳಚಿ ಬೀಳುವುದಿಲ್ಲ, ಎಳೆದಾಡಬೇಡಿ. ಹಿಡಿಕೆ ಹಿಡಿದು ನೇರ ಹೊರಗೆಳೆಯಿರಿ. ಹೊಸದರ ಗಾಜಿಗೆ ಬೆರಳು ತಾಗಬಾರದು. ಬೆರಳಿನ ಜಿಡ್ಡು ಕಾದಲ್ಲಿ ಗಾಜು ಸೀಳುತ್ತದೆ. ಉರಿಯುವಾಗ ಒಳಗಿನ ಒತ್ತಡ ಹೊರಗಾಳಿಯ ಸುಮಾರು 200 ಪಟ್ಟು ಇರುತ್ತದೆ ಎಂಬುದು ನೆನಪಿರಲಿ. ಮುಚ್ಚಳ ಸರಿಯಾಗಿ ಕೂರದಿದ್ದರೆ ಒಳಗಿನ ಸುರಕ್ಷತಾ ಸ್ವಿಚ್ ಒತ್ತುವುದಿಲ್ಲ, ಯಂತ್ರ ಶುರುವೇ ಆಗುವುದಿಲ್ಲ. ಎಷ್ಟೋ ಜನ ‘ಹೊಸ ಲ್ಯಾಂಪೂ ಕೆಟ್ಟದ್ದು’ ಎಂದು ವಾಪಸು ಕಳಿಸುವುದು ಇದೇ ಕಾರಣಕ್ಕೆ. ಕೊನೆಗೆ ಮೆನುವಿನಲ್ಲಿ ಲ್ಯಾಂಪ್ ಗಂಟೆಯನ್ನು ಸೊನ್ನೆ ಮಾಡಿ. ಲ್ಯಾಂಪೇನಾದರೂ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿಗಳನ್ನೆಲ್ಲ ತೆರೆಯಿರಿ, ಒಳಗೆ ಪಾದರಸವಿದೆ. ಹಳೆಯದನ್ನು ಕಸದ ಗುಂಡಿಗೆ ಹಾಕದೆ ಇ-ತ್ಯಾಜ್ಯಕ್ಕೆ ಕೊಡಿ.

ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು ಮೆತ್ತನೆಯ ಬ್ರಷ್ಷಿನಿಂದ ಧೂಳು ಕೊಡವಿ. ಕೈಪಿಡಿಯಲ್ಲಿ ತೊಳೆಯಬಹುದು ಎಂದು ಇಲ್ಲದಿದ್ದರೆ ನೀರಿಗೆ ಹಾಕಬೇಡಿ. ಚಾಕ್‌ಪೀಸಿನ ಪುಡಿಯಷ್ಟು ಕೆಟ್ಟ ಧೂಳು ಪ್ರೊಜೆಕ್ಟರಿಗೆ ಇನ್ನೊಂದಿಲ್ಲ. ಅದೇ ಕೋಣೆಯಲ್ಲಿ ಕರಿಹಲಗೆಯೂ ಇದ್ದರೆ ಡಸ್ಟರನ್ನು ಹೊರಗೆ ಒಯ್ದು ಕೊಡವಲು ಮಕ್ಕಳಿಗೆ ಹೇಳಿ.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಅಕ್ಷರ ಸ್ಪಷ್ಟವಾಗಿವೆ, ಪ್ರೊಜೆಕ್ಟರಿನಲ್ಲಿ ಎಕ್ಸೆಲ್ ಪಟ್ಟಿ ಓದಲಾಗುವುದಿಲ್ಲ. ಮೊನ್ನೆಯಿಂದ ಎಲ್ಲವೂ ಹಳದಿ ಬೇರೆ. ವಿಜಿಎ ಕೇಬಲ್ ಬಳಸುತ್ತಿದ್ದೇವೆ.
— ಸಹಕಾರ ಸಂಘದ ಕಾರ್ಯದರ್ಶಿ, ಗೋಕಾಕ

ಉತ್ತರ: ಮೆನು ಒತ್ತಿದಾಗ ಅದು ಚೊಕ್ಕವಾಗಿಯೂ ಬಿಳಿಯಾಗಿಯೂ ಇದ್ದರೆ ಎರಡೂ ತೊಂದರೆ ಹೊರಗಿನವು.

ಹಳದಿ ಸುಲಭ. ವಿಜಿಎಯಲ್ಲಿ ಒಂದನೇ ಪಿನ್ ಕೆಂಪು, ಎರಡನೆಯದು ಹಸಿರು, ಮೂರನೆಯದು ನೀಲಿ. ನೀಲಿ ಪಿನ್ ಬಗ್ಗಿದರೆ ಅಥವಾ ಒಳತಂತಿ ಕಡಿದರೆ ಬಿಳಿ ಹಳದಿಯಾಗುತ್ತದೆ. ಹಸಿರು ಹೋದರೆ ಗುಲಾಬಿ, ಕೆಂಪು ಹೋದರೆ ತಿಳಿನೀಲಿ. ಪ್ಲಗ್ ಕಿತ್ತು ಪಿನ್ನುಗಳನ್ನು ನೋಡಿ. ಬಗ್ಗಿದ್ದನ್ನು ಖಾಲಿ ರೀಫಿಲ್ಲಿನ ತುದಿಯಿಂದ ನೇರ ಮಾಡಬಹುದು. ಒಂಬತ್ತನೇ ಪಿನ್ ಎಷ್ಟೋ ಕೇಬಲ್‌ಗಳಲ್ಲಿ ತಯಾರಾಗುವಾಗಲೇ ಇರುವುದಿಲ್ಲ, ಮುರಿಯಿತೆಂದು ಗಾಬರಿ ಬೇಡ.

ಅಕ್ಷರ ಮಸುಕಾಗಲು ಕಾರಣ ಲೆಕ್ಕ ಹೊಂದದಿರುವುದು. ಲ್ಯಾಪ್‌ಟಾಪ್ 1366×768 ಚುಕ್ಕೆ ಕಳಿಸುತ್ತಿದ್ದು ಪ್ರೊಜೆಕ್ಟರಿನ ಪ್ಯಾನೆಲ್ 1024×768 ಇದ್ದರೆ ನಾಲ್ಕು ಚುಕ್ಕೆಯನ್ನು ಮೂರರಲ್ಲಿ ತುರುಕಬೇಕಾಗುತ್ತದೆ. ಫೋಟೋ ಇದನ್ನು ತಾಳಿಕೊಳ್ಳುತ್ತದೆ, ಸಣ್ಣ ಅಕ್ಷರ ತಾಳುವುದಿಲ್ಲ. ವಿಂಡೋಸ್ ಕೀ ಜೊತೆ ಪಿ ಒತ್ತಿ, ‘ಡೂಪ್ಲಿಕೇಟ್’ ಬಿಟ್ಟು ‘ಎಕ್ಸ್‌ಟೆಂಡ್’ ಆರಿಸಿ. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ಎರಡನೇ ಪರದೆ ಆರಿಸಿಕೊಂಡು, ಪ್ರೊಜೆಕ್ಟರಿನ ಕೈಪಿಡಿಯಲ್ಲಿ ‘ನೇಟಿವ್ ರೆಸಲ್ಯೂಷನ್’ ಎಂದು ಬರೆದಿರುವ ಸಂಖ್ಯೆಯನ್ನೇ ಕೊಡಿ. ನಂತರ ರಿಮೋಟಿನಲ್ಲಿ ‘ಆಟೋ’ ಒತ್ತಿ. ಇಷ್ಟಾದರೂ ಮೇಲಿಂದ ಕೆಳಕ್ಕೆ ಮಬ್ಬು ಪಟ್ಟಿಗಳು ಉಳಿದರೆ ಮೆನುವಿನ ‘ಟ್ರ್ಯಾಕಿಂಗ್’, ಅಕ್ಷರ ನಡುಗುತ್ತಿದ್ದರೆ ‘ಸಿಂಕ್’. ಕೆಲವು ಯಂತ್ರಗಳಲ್ಲಿ ಇವಕ್ಕೆ ‘ಕ್ಲಾಕ್’, ‘ಫೇಸ್’ ಎಂಬ ಹೆಸರು. ಎರಡು ಕಡೆಯೂ ಎಚ್‌ಡಿಎಂಐ ಇದ್ದರೆ ವಿಜಿಎ ಕೇಬಲ್ಲನ್ನು ಬೀರುವಿಗೆ ಸೇರಿಸಿ, ಈ ಕಸರತ್ತಿನ ಅರ್ಧ ತಪ್ಪುತ್ತದೆ.

ಪ್ರಶ್ನೆ: ತೆರೆಯ ಎಡಭಾಗ ಫೋಕಸ್ ಮಾಡಿದರೆ ಬಲಭಾಗ ಮಸುಕು, ಬಲ ಸರಿಮಾಡಿದರೆ ಎಡ ಮಸುಕು. ಕೀಸ್ಟೋನ್ ಹಾಕಿ ಚೌಕ ಮಾಡಿಕೊಂಡಿದ್ದೇನೆ. ಲೆನ್ಸ್ ಹಾಳಾಗಿದೆಯೇ?
— ಓದುಗರು, ಶಿವಮೊಗ್ಗ

ಉತ್ತರ: ಬಹುಶಃ ಲೆನ್ಸ್ ಚೆನ್ನಾಗಿಯೇ ಇದೆ, ಕೂರಿಸಿದ್ದು ಓರೆಯಾಗಿದೆ. ಕೀಸ್ಟೋನ್ ಆ ಓರೆಯನ್ನು ಮುಚ್ಚಿಡುತ್ತದೆ, ತೆಗೆಯುವುದಿಲ್ಲ. ಅದು ಚಿತ್ರದ ಆಕಾರವನ್ನು ಕತ್ತರಿಸಿ ಸರಿಮಾಡುತ್ತದೆಯೇ ಹೊರತು ಲೆನ್ಸಿನಿಂದ ಎಡ ಅಂಚಿಗೂ ಬಲ ಅಂಚಿಗೂ ಇರುವ ದೂರದ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ. ಫೋಕಸ್ ಕೆಡುವುದು ಆ ವ್ಯತ್ಯಾಸದಿಂದ. ಜೊತೆಗೆ ಪ್ಯಾನೆಲ್ಲಿನ ಚುಕ್ಕೆಗಳಲ್ಲಿ ಒಂದು ಭಾಗ ಕೆಲಸಕ್ಕೇ ಬರುವುದಿಲ್ಲ, ಉಳಿದವುಗಳ ಅಕ್ಷರ ಗೆರೆಗಳೂ ಒಡೆದುಕೊಳ್ಳುತ್ತವೆ.

ಮೊದಲು ಕೀಸ್ಟೋನನ್ನು ಸೊನ್ನೆಗೆ ತನ್ನಿ. ‘ಆಟೋ ಕೀಸ್ಟೋನ್’ ಇದ್ದರೆ ಅದನ್ನೂ ಆಫ್ ಮಾಡಿ, ಇಲ್ಲವಾದರೆ ನೀವು ಅಲುಗಾಡಿಸಿದಾಗಲೆಲ್ಲ ಅದು ತನ್ನ ಬುದ್ಧಿ ತೋರಿಸುತ್ತದೆ. ಈಗ ಟೇಪು ಹಿಡಿದು ಚಿತ್ರದ ನಾಲ್ಕು ಅಂಚು ಅಳೆಯಿರಿ. 16:9 ಅಳತೆಯ 100 ಇಂಚಿನ ಚಿತ್ರಕ್ಕೆ ಅಗಲ 221 ಸೆಂ.ಮೀ., ಎತ್ತರ 124.5 ಸೆಂ.ಮೀ., ಎರಡೂ ಕರ್ಣ 254 ಸೆಂ.ಮೀ. ಬರಬೇಕು.

ಎಡ ಅಂಚು ಬಲ ಅಂಚಿಗಿಂತ ಎತ್ತರವಾಗಿದ್ದರೆ ಎಡಕ್ಕೆ ಬೆಳಕು ಹೆಚ್ಚು ದೂರ ಹೋಗುತ್ತಿದೆ. ಅಂದರೆ ಪ್ರೊಜೆಕ್ಟರ್ ತೆರೆಯ ಮಧ್ಯಕ್ಕಿಂತ ಬಲಕ್ಕೆ ನಿಂತು ಎಡಕ್ಕೆ ನೋಡುತ್ತಿದೆ. ಅದನ್ನು ಎಡಕ್ಕೆ ಸರಿಸಿ ಮೂತಿ ನೇರ ಮಾಡಿ. ಮೇಲಿನ ಅಂಚು ಕೆಳಗಿನದಕ್ಕಿಂತ ಅಗಲವಾಗಿದ್ದರೆ ಮೂತಿ ಮೇಲಕ್ಕೆ ಎತ್ತಿದೆ. ಕೆಳಗಿಟ್ಟ ಪುಸ್ತಕಗಳನ್ನು ತೆಗೆದು ಇಡೀ ಯಂತ್ರವನ್ನೇ ಎತ್ತರಿಸಿ. ಗಾರೆ ಕೆಲಸದವರ ರಸಮಟ್ಟವೊಂದನ್ನು ಪ್ರೊಜೆಕ್ಟರಿನ ಬೆನ್ನ ಮೇಲಿಟ್ಟು ಗುಳ್ಳೆ ನಡುವಿಗೆ ಬಂದಿದೆಯೇ ನೋಡಿದರೆ ಅರ್ಧ ಕೆಲಸ ಮುಗಿದಂತೆ. ಬಹುಪಾಲು ಪ್ರೊಜೆಕ್ಟರುಗಳಲ್ಲಿ ಲೆನ್ಸಿನ ಎತ್ತರ ತೆರೆಯ ನಡುವಿಗಲ್ಲ, ಕೆಳಗಿನ ಅಂಚಿನ ಹತ್ತಿರಕ್ಕೆ ಬರಬೇಕು. ಚಾವಣಿಗೆ ತಲೆಕೆಳಗಾಗಿ ಕಟ್ಟಿದರೆ ಮೇಲಿನ ಅಂಚಿಗೆ.

ಫೋಕಸ್ ಮಾಡುವುದು ಯಂತ್ರ ಹಚ್ಚಿ 20–30 ನಿಮಿಷ ಕಳೆದ ಮೇಲೆ. ಲೆನ್ಸ್ ಕಾದಂತೆ ಫೋಕಸ್ ಸ್ವಲ್ಪ ಜಾರುತ್ತದೆ, ಅದರಲ್ಲೂ ಪ್ಲಾಸ್ಟಿಕ್ ಲೆನ್ಸಿನದು. ನಾಲ್ಕು ಅಂಚೂ ಸರಿ ಬಂದು, ಯಂತ್ರವೂ ಕಾದ ಮೇಲೆ ಒಂದು ಬದಿ ಮಸುಕೇ ಉಳಿದರೆ ಮಾತ್ರ ಲೆನ್ಸ್ ಜಾಗ ತಪ್ಪಿದೆ. ಕೆಳಗೆ ಬಿದ್ದ ಪ್ರೊಜೆಕ್ಟರುಗಳಲ್ಲಿ ಹೀಗಾಗುತ್ತದೆ. ಅದು ಸರ್ವಿಸ್ ಸೆಂಟರಿನ ಕೆಲಸ.

ಪ್ರಶ್ನೆ: ಆನ್‌ಲೈನಿನಲ್ಲಿ ‘9,000 ಲ್ಯೂಮೆನ್ಸ್, 4ಕೆ ಸಪೋರ್ಟ್’ ಎಂದಿದ್ದ ಚಿಕ್ಕ ಎಲ್‌ಇಡಿ ಪ್ರೊಜೆಕ್ಟರ್ ತರಿಸಿದೆ. 120 ಇಂಚು ಮಾಡಿದರೆ ಏನೂ ಕಾಣುವುದಿಲ್ಲ, ಕಪ್ಪೆಲ್ಲ ಬೂದಿ. ಯಾವ ಸೆಟ್ಟಿಂಗ್ ಬದಲಿಸಬೇಕು?
— ಓದುಗರು, ತುಮಕೂರು

ಉತ್ತರ: ಬದಲಿಸಬೇಕಾದ್ದು ಚಿತ್ರದ ಅಳತೆ ಮತ್ತು ಕೋಣೆಯ ದೀಪ. ಯಾಕೆಂದು ಲೆಕ್ಕ ಹಾಕೋಣ.

ಯಂತ್ರದ ಹಿಂದಿನ ಚೀಟಿಯಲ್ಲಿ ವ್ಯಾಟ್ ನೋಡಿ. 60 ಎಂದಿದೆ ಎನ್ನೋಣ. ಲ್ಯೂಮೆನ್ ಎಂದರೆ ಹೊರಬರುವ ಒಟ್ಟು ಬೆಳಕಿನ ಅಳತೆ; ಒಳ್ಳೆಯ ಬಿಳಿ ಎಲ್‌ಇಡಿ ವ್ಯಾಟಿಗೆ 120 ಲ್ಯೂಮೆನ್ ಕೊಟ್ಟರೂ ಹುಟ್ಟುವಲ್ಲಿ ಸುಮಾರು 7,000. ಇಂಥ ಯಂತ್ರಗಳಲ್ಲಿ ಇರುವುದು ಮೊಬೈಲಿನಲ್ಲಿರುವಂಥ ಒಂದೇ ಎಲ್‌ಸಿಡಿ. ಅದರ ಪೋಲರೈಸರ್ ಅರ್ಧಕ್ಕೂ ಹೆಚ್ಚು ನುಂಗುತ್ತದೆ, ಬಣ್ಣದ ಶೋಧಕ ಉಳಿದದ್ದರಲ್ಲಿ ಮೂರನೇ ಎರಡು ಪಾಲು ನುಂಗುತ್ತದೆ, ಆಮೇಲೆ ಲೆನ್ಸಿನ ಪಾಲು. ನೂರಕ್ಕೆ ಐದಾರು ಪಾಲು ಗೋಡೆ ಮುಟ್ಟಿದರೆ ಪುಣ್ಯ. ಪೆಟ್ಟಿಗೆಯ ಮೇಲಿನ ಸಂಖ್ಯೆ ಎಲ್‌ಇಡಿಯದೋ ಮಾರುವವರ ಕಲ್ಪನೆಯದೋ, ಗೋಡೆಯದಂತೂ ಅಲ್ಲ. ಕೊಳ್ಳುವಾಗ ‘ಆನ್ಸಿ ಲ್ಯೂಮೆನ್’ ಅಥವಾ ‘ಐಎಸ್‌ಒ 21118’ ಎಂಬ ಅಳತೆ ಬರೆದಿದೆಯೇ ನೋಡಬೇಕು.

ನೀವೇ ಅಳೆಯಬಹುದು. ಒಂದು ಚದರ ಮೀಟರಿಗೆ ಎಷ್ಟು ಲ್ಯೂಮೆನ್ ಬೀಳುತ್ತದೆ ಎಂದು ತೋರಿಸುವ ಲಕ್ಸ್ ಮೀಟರ್ ಸಂಪಾದಿಸಿ, ಕೋಣೆ ಕತ್ತಲು ಮಾಡಿ, ಪೂರ್ತಿ ಬಿಳಿ ಚಿತ್ರ ಹಾಕಿ. ಚಿತ್ರವನ್ನು ಮೂರು ಸಾಲು, ಮೂರು ಕಂಬವಾಗಿ ಒಂಬತ್ತು ಚೌಕ ಎಂದುಕೊಂಡು ಪ್ರತಿ ಚೌಕದ ನಡುವೆ ಮೀಟರನ್ನು ಲೆನ್ಸಿನ ಕಡೆ ಮುಖ ಮಾಡಿ ಹಿಡಿಯಿರಿ. ಒಂಬತ್ತರ ಸರಾಸರಿಯನ್ನು ಚಿತ್ರದ ಚದರ ಮೀಟರಿನಿಂದ ಗುಣಿಸಿ. 120 ಇಂಚಿನ ಚಿತ್ರ 2.66×1.49, ಅಂದರೆ ಸುಮಾರು 4 ಚದರ ಮೀಟರ್. ಸರಾಸರಿ 50 ಲಕ್ಸ್ ಬಂದರೆ ನಿಮ್ಮದು 200 ಲ್ಯೂಮೆನ್ನಿನ ಯಂತ್ರ.

ಹಾಲಿನಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಗೋಡೆಯ ಮೇಲೆ ಅದರ ಬೆಳಕೇ 50–100 ಲಕ್ಸ್ ಇರಬಹುದು. ಆಗ ಬಿಳಿಗೂ ಕಪ್ಪಿಗೂ ಅಂತರವೇ ಉಳಿಯದು. ಪ್ರೊಜೆಕ್ಟರಿಗೆ ಕಪ್ಪು ಎಸೆಯಲು ಬರುವುದಿಲ್ಲ. ಗೋಡೆ ಎಷ್ಟು ಕತ್ತಲೆಯೋ ಕಪ್ಪು ಅಷ್ಟೇ. ಹಾಗಾಗಿ ದೀಪ ಆರಿಸಿ, ಚಿತ್ರವನ್ನು 60 ಇಂಚಿಗೆ ಇಳಿಸಿ. ಅಗಲ ಅರ್ಧವಾದರೆ ಹರಹು ಕಾಲು ಪಾಲಾಗುತ್ತದೆ, ಅದೇ ಬೆಳಕು ನಾಲ್ಕು ಪಟ್ಟು ದಟ್ಟವಾಗುತ್ತದೆ: 50 ಇದ್ದದ್ದು 200 ಲಕ್ಸ್. ರಾತ್ರಿ ಸಿನಿಮಾ ನೋಡಲು ಇದು ಸಾಕು. ‘4ಕೆ ಸಪೋರ್ಟ್’ ಎಂದರೆ 4ಕೆ ಸಿಗ್ನಲ್ಲನ್ನು ಸ್ವೀಕರಿಸುತ್ತದೆ ಎಂದಷ್ಟೇ. ಪ್ಯಾನೆಲ್ 1280×720 ಇದ್ದರೆ ಕಾಣುವುದು 1280×720. ಮೂಲೆಗಳು ಸದಾ ಸ್ವಲ್ಪ ಮಸುಕಾಗಿರುತ್ತವೆ, ಲೆನ್ಸೇ ಅಂಥದ್ದು. ನಡುವೆ ಮತ್ತು ಮೂಲೆಗೆ ಮಧ್ಯದಲ್ಲೊಂದು ಜಾಗ ಗುರಿಯಿಟ್ಟು ಫೋಕಸ್ ಮಾಡಿ.

ಇವುಗಳಲ್ಲಿ ಬೆಳಕಿನ ದಾರಿ ಮುಚ್ಚಿರುವುದಿಲ್ಲವಾದ್ದರಿಂದ ಆರು ತಿಂಗಳಿಗೆ ಕಪ್ಪು ಕಲೆಗಳು ಶುರುವಾಗುತ್ತವೆ. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಕ್ಯಾಮೆರಾದವರ ರಬ್ಬರ್ ಬ್ಲೋವರಿನಿಂದ ಎಲ್‌ಸಿಡಿಯ ಎರಡೂ ಕಡೆ ಊದಿ. ಬಾಯಿಂದ ಊದಬೇಡಿ, ಎಂಜಲಿನ ಹನಿ ಅಂಟಿದರೆ ಧೂಳಿಗಿಂತ ಕಷ್ಟ. ಚಿತ್ರದ ನಡುವೆ ಕಂದು ಮಚ್ಚೆ ಕಾಣಿಸಿಕೊಂಡರೆ ಅದು ಧೂಳಲ್ಲ, ಎಲ್‌ಸಿಡಿಯ ಹಾಳೆ ಬೇಯುತ್ತಿದೆ. ಫ್ಯಾನ್ ತಿರುಗುತ್ತಿದೆಯೇ ಕೂಡಲೇ ನೋಡಿ.

ಪ್ರಶ್ನೆ: ಡಿಎಲ್‌ಪಿ ಪ್ರೊಜೆಕ್ಟರಿನಲ್ಲಿ ಬಿಳಿ ಚುಕ್ಕೆಗಳು. ಮೊದಲು ಎರಡಿದ್ದವು, ಈಗ ಮೂವತ್ತರ ಮೇಲಿವೆ. ಕೇಬಲ್ ಬದಲಿಸಿದೆ, ಹೋಗಲಿಲ್ಲ.
— ಓದುಗರು, ಹುಬ್ಬಳ್ಳಿ

ಉತ್ತರ: ಕೇಬಲ್ಲಿನ ಚುಕ್ಕೆ ಕುಣಿಯುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಜಾಗ ಬದಲಿಸುತ್ತದೆ. ನಿಮ್ಮದು ನಿಂತಲ್ಲೇ ನಿಂತಿದೆ, ಕೇಬಲ್ ಕಿತ್ತರೂ ಮೆನುವಿನ ಹಿಂದೆಯೂ ಇರುತ್ತದೆ. ಅವು ಡಿಎಲ್‌ಪಿ ಯಂತ್ರದೊಳಗೆ ಚಿತ್ರ ಮೂಡಿಸುವ ಡಿಎಂಡಿ ಚಿಪ್ಪಿನ ಕನ್ನಡಿಗಳು. 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ ಕಂಡುಹಿಡಿದ ಈ ಚಿಪ್ಪಿನಲ್ಲಿ ಒಂದೊಂದು ಚುಕ್ಕೆಗೂ ಒಂದೊಂದು ಕನ್ನಡಿ. 1920×1080 ಚಿಪ್ಪಿನಲ್ಲಿ 20 ಲಕ್ಷ 73 ಸಾವಿರ. ಲೆನ್ಸಿನ ಕಡೆ ವಾಲಿ ಸಿಕ್ಕಿಕೊಂಡ ಕನ್ನಡಿ ಬಿಳಿ ಚುಕ್ಕೆ, ಆಚೆ ವಾಲಿ ಸಿಕ್ಕಿಕೊಂಡದ್ದು ಕಪ್ಪು ಚುಕ್ಕೆ. ಒಮ್ಮೆ ಶುರುವಾದರೆ ಹೆಚ್ಚುತ್ತಲೇ ಹೋಗುವುದು ವಾಡಿಕೆ. ಚಿಪ್ಪನ್ನೇ ಬದಲಿಸಬೇಕು, ಸೆಟ್ಟಿಂಗಿನಲ್ಲಿ ಮದ್ದಿಲ್ಲ. ಚಿಪ್ ಹಾಕಿಸಿದರೆ ಶಾಖ ಹೊರಹೋಗುವ ದಾರಿಯನ್ನೂ ಅದೇ ಸಲ ಸ್ವಚ್ಛ ಮಾಡಿಸಿ, ಫ್ಯಾನ್ ಪರೀಕ್ಷಿಸಿ.

ಪ್ರಶ್ನೆ: ಹೊಸ ಮನೆಯಲ್ಲಿ ಗೋಡೆಯೊಳಗೆ 12 ಮೀಟರ್ ಎಚ್‌ಡಿಎಂಐ ಎಳೆಸಿದ್ದೇವೆ. 4ಕೆ ಹಾಕಿದರೆ ಮಿಣುಕು ಚುಕ್ಕೆ, ನಡುನಡುವೆ ಎರಡು ಸೆಕೆಂಡ್ ಪೂರ್ತಿ ಕಪ್ಪು. ಇನ್ನೊಂದು: ಎಚ್‌ಡಿಆರ್ ಚಿತ್ರಗಳು ಕತ್ತಲೆಯಾಗಿ ಕಾಣುತ್ತವೆ.
— ಓದುಗರು, ಬೆಂಗಳೂರು

ಉತ್ತರ: ಪ್ಲೇಯರನ್ನು 1080ಪಿಗೆ ಇಳಿಸಿ ನೋಡಿ. ಮಿಣುಕು ನಿಂತರೆ ತಪ್ಪು ಕೇಬಲ್ಲಿನದು. 1080ಪಿಗೆ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಸಾಕು, 60 ಹರ್ಟ್ಸಿನ ಪೂರ್ಣ 4ಕೆಗೆ 18 ಬೇಕು. ಸಾದಾ ತಾಮ್ರದ ಕೇಬಲ್ ಅಷ್ಟನ್ನು ನೆಚ್ಚಿಕೆಯಿಂದ ಒಯ್ಯುವುದು 5 ಮೀಟರ್ ಆಸುಪಾಸಿನವರೆಗೆ. 12 ಮೀಟರಿಗೆ ಆಪ್ಟಿಕಲ್ ಎಚ್‌ಡಿಎಂಐ ಹಾಕಿಸಬೇಕು. ಅದಕ್ಕೆ ದಿಕ್ಕಿದೆ: ‘ಸೋರ್ಸ್’ ಎಂದಿರುವ ತುದಿ ಪ್ಲೇಯರಿಗೆ, ‘ಡಿಸ್‌ಪ್ಲೇ’ ಎಂದಿರುವುದು ಪ್ರೊಜೆಕ್ಟರಿಗೆ. ತಿರುಗಿಸಿ ಎಳೆದರೆ ಚಿತ್ರವೇ ಬರುವುದಿಲ್ಲ, ಮತ್ತೆ ಪೈಪಿನಿಂದ ಹೊರಗೆ! ಎಳೆಯುವ ಮುಂಚೆ ನೆಲದ ಮೇಲೆ ಹಾಸಿ ಜೋಡಿಸಿ ಪರೀಕ್ಷಿಸಿ. ಎಲೆಕ್ಟ್ರಿಷಿಯನ್‌ಗಳು ಸಾಮಾನ್ಯವಾಗಿ ಹಾಕುವ 20 ಮಿ.ಮೀ. ಪೈಪಿನಲ್ಲಿ ಎಚ್‌ಡಿಎಂಐ ಪ್ಲಗ್ ನುಸುಳುವುದಿಲ್ಲ. ಮನೆ ಕಟ್ಟುತ್ತಿರುವ ಉಳಿದ ಓದುಗರು ಗಮನಿಸಿ: 32 ಮಿ.ಮೀ. ಪೈಪು, ದೊಡ್ಡ ಬಾಗು, ಒಳಗೆ ಎಳೆದಿಟ್ಟ ಒಂದು ತಂತಿ. ನಡುವೆ ಜಾಯಿಂಟರ್ ಬೇಡ.

ಕತ್ತಲೆಗೂ ಹೊಳಪಿಗೂ ಅಂತರ ಹೆಚ್ಚಿರುವ ಎಚ್‌ಡಿಆರ್ ಚಿತ್ರಗಳನ್ನು ಸಾಮಾನ್ಯವಾಗಿ 1,000 ನಿಟ್ಸ್ ಹೊಳಪಿನ ಪರದೆ ಲೆಕ್ಕಕ್ಕೆ ಹಿಡಿದು ತಯಾರಿಸುತ್ತಾರೆ. ಮನೆಯ ಪ್ರೊಜೆಕ್ಟರ್ ತೆರೆಯ ಮೇಲೆ 100 ನಿಟ್ಸ್ ಮುಟ್ಟುವುದೇ ಅಪರೂಪ. ಆ ಅಂತರಕ್ಕೆ ಹೊಂದಿಸಲು ಯಂತ್ರ ಇಡೀ ಚಿತ್ರವನ್ನೇ ಕೆಳಗೆ ಒತ್ತುತ್ತದೆ. ಮೆನುವಿನಲ್ಲಿ ‘ಎಚ್‌ಡಿಆರ್ ಬ್ರೈಟ್‌ನೆಸ್’ ಅಥವಾ ‘ಟೋನ್ ಮ್ಯಾಪಿಂಗ್’ ಇದ್ದರೆ ಎರಡು ಮೂರು ಹೆಜ್ಜೆ ಏರಿಸಿ. ಆಗದಿದ್ದರೆ ಪ್ಲೇಯರಿನಲ್ಲಿ ಎಚ್‌ಡಿಆರನ್ನೇ ಆಫ್ ಮಾಡಿ, ನಾಚಿಕೆಪಡಬೇಕಾದ್ದೇನಿಲ್ಲ. ಎಚ್‌ಡಿಆರ್ ಇಲ್ಲದ ಚಿತ್ರವೂ ತೊಳೆದಂತೆ ಬೆಳ್ಳಗಿದ್ದರೆ ಎರಡೂ ಕಡೆಯ ‘ಆರ್‌ಜಿಬಿ ರೇಂಜ್’ ನೋಡಿ. ಪ್ಲೇಯರ್ 16–235ರ ‘ಲಿಮಿಟೆಡ್’ ಕಳಿಸಿ ಪ್ರೊಜೆಕ್ಟರ್ 0–255ರ ‘ಫುಲ್’ ಎಂದು ಓದಿದರೆ ಕಪ್ಪು ಬೂದಿಯಾಗುತ್ತದೆ. ಉಲ್ಟಾ ಆದರೆ ನೆರಳಿನ ವಿವರಗಳೆಲ್ಲ ಮುಳುಗುತ್ತವೆ.

ಪ್ರಶ್ನೆ: ಊರಿನ ಬಯಲಿನಲ್ಲಿ ಐಪಿಎಲ್ ಫೈನಲ್ ತೋರಿಸುವ ಯೋಜನೆ. 3,000 ಲ್ಯೂಮೆನ್ ಪ್ರೊಜೆಕ್ಟರ್ ಬಾಡಿಗೆಗೆ ಸಿಗುತ್ತದೆ, 12 ಅಡಿ ಅಗಲದ ಬಿಳಿ ಬಟ್ಟೆ ಕಟ್ಟುತ್ತೇವೆ. ಹೋದ ಸಲ ಮಂಕಾಗಿತ್ತು, ಚೆಂಡು ತಡೆತಡೆದು ಹೋಗುತ್ತಿತ್ತು.
— ಯುವಕ ಸಂಘ, ಬಂಟ್ವಾಳ ತಾಲ್ಲೂಕು

ಉತ್ತರ: 12 ಅಡಿ ಅಗಲವೆಂದರೆ ಸುಮಾರು 7.5 ಚದರ ಮೀಟರ್, ತೆರೆಗೆ ಬೀಳುವುದು 400 ಲಕ್ಸ್. ಸೂರ್ಯ ಮುಳುಗುವ ಹೊತ್ತಿಗೆ ಬಯಲಿನ ಬೆಳಕೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಚಿತ್ರ ಅರ್ಧ ಅಳಿಸಿದಂತೆ. ಆದರೆ ಅಲ್ಲಿಂದ ಅರ್ಧ ಗಂಟೆಯಲ್ಲಿ ಅದು ಒಂದಂಕಿಗೆ ಇಳಿಯುತ್ತದೆ. ಪಂದ್ಯ ಏಳೂವರೆಗಾದ್ದರಿಂದ ಚಿಂತೆಯಿಲ್ಲ. ತೆರೆಯ ಮುಖಕ್ಕೆ ಬೀದಿದೀಪ, ಚುರುಮುರಿ ಅಂಗಡಿಯ ಬಲ್ಬು ಬೀಳದಂತೆ ದಿಕ್ಕು ಆರಿಸಿ.

ಮಂಕಿಗೆ ಇನ್ನೊಂದು ಕಾರಣ ಬಟ್ಟೆ. ತೆಳು ಬಿಳಿ ಬಟ್ಟೆಯಲ್ಲಿ ಬೆಳಕಿನ ದೊಡ್ಡ ಪಾಲು ಹಿಂದಕ್ಕೆ ಸೋರುತ್ತದೆ. ತೆರೆಯ ಹಿಂದೆ ನಿಂತು ನೋಡಿ, ಅಲ್ಲಿಯೂ ಪಂದ್ಯ ಕಂಡರೆ ಅಷ್ಟು ಬೆಳಕು ನಿಮಗೆ ನಷ್ಟ. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಇಲ್ಲವೇ ಫ್ಲೆಕ್ಸಿನ ಬಿಳಿ ಬೆನ್ನು ಬಳಸಿ. ಅದರ ಮುಖ ಹೊಳೆಯುತ್ತಿದ್ದರೆ ಎದುರು ಕೂತವರಿಗೆ ನಡುವೆ ಬೆಳಕಿನ ಉಂಡೆ ಕಾಣುತ್ತದೆ, ಹೊಳಪಿಲ್ಲದ್ದನ್ನೇ ಆರಿಸಿ. ನಾಲ್ಕು ಕಡೆಯೂ ಹಗ್ಗ ಹಾಕಿ ಬಿಗಿಯಿರಿ. ಪ್ರೊಜೆಕ್ಟರಿನಲ್ಲಿ ‘ಡೈನಾಮಿಕ್’ ಮೋಡ್ ಇಡಿ, ಹಸಿರು ಸ್ವಲ್ಪ ಮುಂದಾದರೂ ಬೆಳಕು ಅದರಲ್ಲೇ ಹೆಚ್ಚು. ಮೈದಾನ ಹೇಗೂ ಹಸಿರು!

ಚೆಂಡು ತಡೆದು ಹೋಗುವುದು ವೇಗ ಹೊಂದದ್ದರಿಂದ. ನಮ್ಮ ಕ್ರಿಕೆಟ್ ಪ್ರಸಾರ 50 ಹರ್ಟ್ಸಿನದು, ಲ್ಯಾಪ್‌ಟಾಪ್ 60 ಕಳಿಸುತ್ತದೆ. ಐದು ಚೌಕಟ್ಟಿಗೆ ಒಂದನ್ನು ಎರಡು ಸಲ ತೋರಿಸಬೇಕಾಗುತ್ತದೆ, ಕಣ್ಣಿಗೆ ಅದೇ ತಡೆ. ವಿಂಡೋಸಿನ ‘ಅಡ್ವಾನ್ಸ್‌ಡ್ ಡಿಸ್‌ಪ್ಲೇ’ಯಲ್ಲಿ ಪ್ರೊಜೆಕ್ಟರಿನ ರಿಫ್ರೆಶ್ ರೇಟನ್ನು 50ಕ್ಕೆ ಇಡಿ. ಸಿನಿಮಾ ತೋರಿಸುವ ದಿನ 24. ಸೆಟ್‌ಟಾಪ್ ಬಾಕ್ಸ್ ನೇರ ಜೋಡಿಸಿದರೆ ಈ ತಾಪತ್ರಯವಿಲ್ಲ. ಮಳೆ ಬಿದ್ದ ಸಂಜೆಯಾದರೆ ದೀಪದ ಹುಳುಗಳು ಗಾಳಿ ಹೀರುವ ಬಾಯಿಗೆ ನುಗ್ಗುತ್ತವೆ, ಅರ್ಧ ಗಂಟೆಗೊಮ್ಮೆ ಫಿಲ್ಟರ್ ಒರೆಸಲು ಒಬ್ಬರನ್ನು ನೇಮಿಸಿ.

ಪ್ರಶ್ನೆ: ಮಳೆಗಾಲ ಕಳೆದು ತೆಗೆದರೆ ಚಿತ್ರದ ಮೇಲೆ ಹೊಗೆಯಂತೆ. ಲೆನ್ಸಿನಲ್ಲಿ ಜೇಡರ ಬಲೆಯಂಥ ಗೆರೆಗಳಿವೆ.
— ಓದುಗರು, ತೀರ್ಥಹಳ್ಳಿ

ಉತ್ತರ: ಬೂಷ್ಟು. ಮುಂದಿನ ಗಾಜಿನ ಹೊರಮೈಯಲ್ಲಿದ್ದರೆ ಬ್ಲೋವರಿನಿಂದ ಧೂಳು ಊದಿ, ಮೈಕ್ರೋಫೈಬರ್ ಬಟ್ಟೆಗೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಿ. ಪಂಚೆಯ ತುದಿ, ಕನ್ನಡಿ ಒರೆಸುವ ದ್ರಾವಣ ಎರಡೂ ಬೇಡ, ಲೆನ್ಸಿನ ಲೇಪ ಹೋಗುತ್ತದೆ. ಒಳಗಾಜಿನಲ್ಲಿದ್ದರೆ ಬಿಚ್ಚಬೇಡಿ, ರಿಪೇರಿಯವರಿಗೆ ಕೊಡಿ. ತಡ ಮಾಡಿದಷ್ಟೂ ಗಾಜಿನ ಲೇಪವನ್ನು ತಿನ್ನುತ್ತದೆ. ಮುಂದಿನ ಜೂನಿಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ 200 ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದಿದೆ ಎಂದು ತಿಳಿದು ಓವನಿನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ. ಇದಕ್ಕಿಂತ ಸುಲಭದ ದಾರಿ, ವಾರಕ್ಕೊಮ್ಮೆ ಅರ್ಧ ಗಂಟೆ ಪ್ರೊಜೆಕ್ಟರ್ ಹಚ್ಚುವುದು. ಮಳೆಗಾಲದಲ್ಲಿ ಸಿನಿಮಾ ನೋಡಲು ಇಷ್ಟು ಒಳ್ಳೆಯ ನೆಪ ಬೇರೆ ಸಿಗದು.

ಪ್ರಶ್ನೆ: ಇಕೋ ಮೋಡಿನಲ್ಲಿ ಬೆಳಕು ಮಿಣಮಿಣ ಎನ್ನುತ್ತದೆ. ಕರೆಂಟ್ ಹೋಗಿ ಬಂದರೆ ತಕ್ಷಣ ಹತ್ತುವುದೂ ಇಲ್ಲ.
— ಓದುಗರು, ಕೊಪ್ಪಳ

ಉತ್ತರ: ಲ್ಯಾಂಪಿನೊಳಗೆ ಒಂದು ಮಿಲಿಮೀಟರಿನಷ್ಟು ಅಂತರದಲ್ಲಿ ಕಿಡಿ ನಿಂತಿರುತ್ತದೆ. ಕಡಿಮೆ ಶಕ್ತಿಯಲ್ಲಿ ಅದು ಒಂದೆಡೆ ನಿಲ್ಲದೆ ಜಿಗಿಯುತ್ತದೆ. ಎರಡು ಮೂರು ಗಂಟೆ ನಾರ್ಮಲ್ ಮೋಡಿನಲ್ಲಿ ಓಡಿಸಿ, ಎಷ್ಟೋ ಸಲ ನಿಲ್ಲುತ್ತದೆ. ನಿಲ್ಲದಿದ್ದರೆ ಲ್ಯಾಂಪ್ ಮುಗಿಯುತ್ತ ಬಂದಿದೆ. ಬಿಸಿ ಲ್ಯಾಂಪಿನ ಒತ್ತಡ ಇಳಿಯದೆ ಕಿಡಿ ಮತ್ತೆ ಹತ್ತುವುದಿಲ್ಲ, ಐದಾರು ನಿಮಿಷ ಕಾಯಿರಿ. ಕರೆಂಟ್ ಪದೇ ಪದೇ ಹೋಗುವ ಊರಾದರೆ ಯುಪಿಎಸ್ ಬೇಕೇಬೇಕು, ಫ್ಯಾನ್ ನಿಂತು ಕಾದ ಲ್ಯಾಂಪ್ ಒಳಗೇ ಬೇಯುವುದು ತಪ್ಪುತ್ತದೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ ತಾಳುವುದು 360 ವ್ಯಾಟ್; 300 ವ್ಯಾಟಿನ ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಸ್ಪೀಕರ್ ಸೇರಿದರೆ ಸಾಲದು, 1,000 ವಿಎ ತನ್ನಿ.

ಪ್ರಶ್ನೆ: ಪ್ರೊಜೆಕ್ಟರಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದರೆ ಬಣ್ಣದ ಪಟ್ಟಿಗಳು ಬರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ನನ್ನ ಮಗಳಿಗೆ ಮಾತ್ರ ಆಗಾಗ ಕಾಮನಬಿಲ್ಲು ಕಂಡಂತಾಗುತ್ತದಂತೆ.
— ಓದುಗರು, ಮಂಡ್ಯ

ಉತ್ತರ: ಎರಡಕ್ಕೂ ಕಾರಣ ಡಿಎಲ್‌ಪಿಯ ಬಣ್ಣದ ಚಕ್ರ. ಅದು ಕೆಂಪು, ಹಸಿರು, ನೀಲಿಯನ್ನು ಒಂದರ ಹಿಂದೊಂದರಂತೆ ಎಸೆಯುತ್ತದೆ, ಕಣ್ಣು ಕೂಡಿಸಿಕೊಳ್ಳುತ್ತದೆ. ಕ್ಯಾಮೆರಾ ಕೂಡಿಸಿಕೊಳ್ಳುವುದಿಲ್ಲ. ಕೆಲವರ ಕಣ್ಣು ಬೇಗ ಹೊರಳಿದಾಗಲೂ ಬಣ್ಣಗಳು ಬಿಡಿಸಿಕೊಳ್ಳುತ್ತವೆ. ಯಂತ್ರದಲ್ಲಿ ದೋಷವಿಲ್ಲ, ಮಗಳ ಕಣ್ಣಿನಲ್ಲೂ ಇಲ್ಲ. ಬ್ರೈಟ್‌ನೆಸ್ ಇಳಿಸಿ, ತೆರೆಯ ಹಿಂದೆ ಒಂದು ಸಣ್ಣ ದೀಪ ಇಟ್ಟರೆ ತುಸು ಕಡಿಮೆಯಾಗುತ್ತದೆ. ಮುಂದೆ ಕೊಳ್ಳುವಾಗ ತ್ರೀ-ಎಲ್‌ಸಿಡಿ ನೋಡಿ, ಅದರಲ್ಲಿ ಚಕ್ರವೇ ಇಲ್ಲ. ಅಂಗಡಿಗೆ ಮಗಳನ್ನೂ ಕರೆದುಕೊಂಡು ಹೋಗಿ.